ವೋಟು ಕೈತಪ್ಪಿದಾಗ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಜನ ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಸುಲಭದ್ದು ಮೊದಲು, ತೊಡಕಿನದ್ದು ಕೊನೆಗೆ. ಪ್ರತಿ ಉತ್ತರವೂ ಅದರಷ್ಟಕ್ಕೆ ಪೂರ್ಣ, ಬೇಕಾದ ಪ್ರಶ್ನೆಗೆ ನೇರ ಹೋಗಬಹುದು. ಕಾನೂನೇ ವೋಟು ಬೇಡವೆಂದ ಸಂದರ್ಭಗಳು ಬಹಳ ಕಡಿಮೆ. ನಮ್ಮ ಗಡಿನಾಡಿನಲ್ಲಿ ಹೆಸರು ಹೋಗುವುದು ಹೆಚ್ಚಾಗಿ ವಿಳಾಸ, ಅಕ್ಷರ, ಊರುಬಿಟ್ಟ ಗುಮಾನಿ ಇವುಗಳಿಂದ. ಅಂಥದ್ದನ್ನು ಸರಿಪಡಿಸಲು ದಾರಿ ಇದೆ, ಗಡುವೂ ಇದೆ.

## ಮೊದಲು ತಿಳಿಯಬೇಕಾದ್ದು

ಕೈಯಲ್ಲಿ ಐಡಿ ಕಾರ್ಡ್ ಇದೆ, ಲಿಸ್ಟಲ್ಲಿ ಹೆಸರಿಲ್ಲ ಅಂತಾರೆ. ಕಾರ್ಡ್ ಇದ್ದ ಮೇಲೆ ವೋಟು ಹಾಕಬಹುದಲ್ಲ?

ಆಗುವುದಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ವೋಟಿನ ಹಕ್ಕು ಬರುವುದು ಮತದಾರರ ಪಟ್ಟಿಯಲ್ಲಿ ಹೆಸರು ಇರುವುದರಿಂದ. ಕಾರ್ಡು ನಿಮ್ಮ ಗುರುತು ಹೇಳುತ್ತದೆ, ಅಷ್ಟೆ. ಇದರ ಇನ್ನೊಂದು ಮಗ್ಗುಲನ್ನೂ ನೆನಪಿಡಿ: ಪಟ್ಟಿಯಲ್ಲಿ ಹೆಸರಿದ್ದು ಕಾರ್ಡು ಕಳೆದುಹೋಗಿದ್ದರೆ ವೋಟು ಹಾಕಬಹುದು. ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸನ್ಸ್, ಪಾನ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಪೋಸ್ಟಾಫೀಸ್ ಪಾಸ್‌ಬುಕ್, ಉದ್ಯೋಗ ಖಾತರಿ ಜಾಬ್ ಕಾರ್ಡ್ ಇವುಗಳಲ್ಲಿ ಒಂದು ಸಾಕು. ಹಾಗಾಗಿ ಕಪಾಟಿನ ಕಾರ್ಡು ನೋಡಿ ನಿಶ್ಚಿಂತರಾಗಬೇಡಿ, ವರ್ಷಕ್ಕೆ ಎರಡು ಬಾರಿಯಾದರೂ ಪಟ್ಟಿ ನೋಡಿ. ಚುನಾವಣಾ ಆಯೋಗದ ಆ್ಯಪ್, ಅದರ ಮತದಾರರ ಜಾಲತಾಣ, 1950 ಸಂಖ್ಯೆಗೆ ಫೋನು, ಇಲ್ಲವೇ ನಿಮ್ಮ ಬೂತಿನ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ), ಈ ನಾಲ್ಕರಲ್ಲಿ ಯಾವುದಾದರೂ ಆದೀತು.

ವೋಟರ್ ಲಿಸ್ಟಿಂದ ಹೆಸರು ಹೋದರೆ ಪೌರತ್ವವೇ ಹೋಯಿತಾ? ರೇಶನ್ ನಿಲ್ಲುತ್ತದಾ?

ಇಲ್ಲ. ಪೌರತ್ವವನ್ನು ನಿರ್ಧರಿಸುವುದು 1955ರ ಪೌರತ್ವ ಕಾಯ್ದೆ, ಮತದಾರರ ಪಟ್ಟಿಗೆ ಇರುವುದು 1950ರ ಪ್ರಜಾಪ್ರತಿನಿಧಿ ಕಾಯ್ದೆ. ಪಟ್ಟಿಯಿಂದ ಹೆಸರು ಬಿಟ್ಟ ಮಾತ್ರಕ್ಕೆ ಯಾರೂ ವಿದೇಶಿಯಾಗುವುದಿಲ್ಲ. ರೇಶನ್ ಕಾರ್ಡು, ಕ್ಷೇಮ ಪಿಂಚಣಿ, ಜಾಗದ ದಾಖಲೆ ಬೇರೆ ಬೇರೆ ಇಲಾಖೆಗಳವು, ಬೇರೆ ನಿಯಮಗಳವು. ಅಸ್ಸಾಮಿನ ಎನ್‌ಆರ್‌ಸಿ (ರಾಷ್ಟ್ರೀಯ ಪೌರತ್ವ ನೋಂದಣಿ) ಸುದ್ದಿ ಕೇಳಿ ಹೆದರಿದವರು ಅನೇಕರು. 2019ರ ಆಗಸ್ಟ್ 31ರಂದು ಪ್ರಕಟವಾದ ಆ ಪಟ್ಟಿ ಅಸ್ಸಾಮಿಗೆ ಮಾತ್ರ ಸೇರಿದ್ದು. ‘ಡಿ ವೋಟರ್’ (ಸಂಶಯಾಸ್ಪದ ಮತದಾರ) ಎಂಬ ಗುರುತೂ ಅಲ್ಲಿಯದೇ, ಕೇರಳದ ಪಟ್ಟಿಯಲ್ಲಿ ಅದಿಲ್ಲ. ಹಾಗಂತ ಹೆಸರು ಹೋದದ್ದನ್ನು ಹಗುರವಾಗಿ ಬಿಡಬಾರದು. ವೋಟು ಹೋಗುವುದರ ಜತೆಗೆ ಚುನಾವಣೆಗೆ ನಿಲ್ಲುವ ಹಕ್ಕೂ ಹೋಗುತ್ತದೆ.

ಕಾನೂನು ಪ್ರಕಾರ ಯಾರಿಗೆಲ್ಲ ವೋಟಿಲ್ಲ?

ಪಟ್ಟಿ ಚಿಕ್ಕದು. ಭಾರತದ ಪ್ರಜೆ ಅಲ್ಲದವರು, ಚಿತ್ತಸ್ವಾಸ್ಥ್ಯವಿಲ್ಲವೆಂದು ನ್ಯಾಯಾಲಯ ಘೋಷಿಸಿದವರು, ಚುನಾವಣಾ ಅಕ್ರಮಕ್ಕಾಗಿ ಅನರ್ಹರಾದವರು ಹೆಸರು ಸೇರಿಸಲಾರರು. ಅರ್ಹತಾ ದಿನಾಂಕಕ್ಕೆ 18 ತುಂಬಿರಬೇಕು, ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸವಾಗಿರಬೇಕು. 1989ಕ್ಕೆ ಮೊದಲು ಈ ವಯಸ್ಸು 21 ಇತ್ತು. ಈಗ ಅರ್ಹತಾ ದಿನಾಂಕ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ತುಂಬಿದವರು ಮುಂಗಡ ಅರ್ಜಿ ಹಾಕಿಡಬಹುದು. ಸಾಲ, ತೆರಿಗೆ ಬಾಕಿ, ಕೇಸು (ಜೈಲಿನಲ್ಲಿ ಇಲ್ಲದಿದ್ದರೆ), ಓದು ಬರದಿರುವುದು, ಸ್ವಂತ ಮನೆಯಿಲ್ಲದಿರುವುದು ಇವು ಯಾವುವೂ ಕಾರಣವಲ್ಲ.

ಪಂಚಾಯತ್ ಚುನಾವಣೆಗೆ ವೋಟು ಹಾಕಿದ್ದೆ, ಅಸೆಂಬ್ಲಿಗೆ ಬಂದಾಗ ಹೆಸರೇ ಇಲ್ಲ. ಹೇಗೆ?

ಪಟ್ಟಿ ಎರಡು. ಲೋಕಸಭೆಗೂ ವಿಧಾನಸಭೆಗೂ ಭಾರತ ಚುನಾವಣಾ ಆಯೋಗದ ಪಟ್ಟಿ. ಗ್ರಾಮ, ಬ್ಲಾಕ್, ಜಿಲ್ಲಾ ಪಂಚಾಯತು ಮತ್ತು ನಗರಸಭೆಗೆ ಕೇರಳ ರಾಜ್ಯ ಚುನಾವಣಾ ಆಯೋಗದ ಪಟ್ಟಿ. ಎರಡನೆಯದಕ್ಕೆ ಅರ್ಜಿ ಹೋಗುವುದು ಪಂಚಾಯತು ಅಥವಾ ನಗರಸಭೆಯ ಕಾರ್ಯದರ್ಶಿಯ ಬಳಿಗೆ. ಅದಕ್ಕೆ ಅರ್ಹತಾ ದಿನ ಜನವರಿ 1 ಒಂದೇ. ಒಂದರಲ್ಲಿ ಸೇರಿಸಿದರೆ ಇನ್ನೊಂದರಲ್ಲಿ ತಾನಾಗಿ ಸೇರುವುದಿಲ್ಲ, ಒಂದರಿಂದ ತೆಗೆದರೆ ಇನ್ನೊಂದರಿಂದ ಹೋಗುವುದೂ ಇಲ್ಲ. ವಾರ್ಡು ಸದಸ್ಯರ ಕೈಗೆ ಅರ್ಜಿ ಕೊಟ್ಟು ಎಲ್ಲ ಮುಗಿಯಿತೆಂದು ಕೂತವರು ವಿಧಾನಸಭೆ ಹೊತ್ತಿಗೆ ಪೆಟ್ಟು ತಿನ್ನುವುದು ಇಲ್ಲೇ. ಅರ್ಜಿ ಕೊಡುವಾಗ ಅದು ಯಾವ ಪಟ್ಟಿಗೆ ಎಂದು ಕೇಳಿ.

ನಾಲ್ಕು ಹೆಸರು ಬಿಟ್ಟುಹೋದರೆ ಯಾಕಿಷ್ಟು ತಲೆಬಿಸಿ?

2016ರಲ್ಲಿ ಮಂಜೇಶ್ವರದಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಅವರು ಕೆ. ಸುರೇಂದ್ರನ್ ಅವರೆದುರು ಗೆದ್ದದ್ದು 89 ವೋಟಿನಿಂದ. ತೀರಿಹೋದವರ, ಗಲ್ಫಿನಲ್ಲಿದ್ದವರ ಹೆಸರಿನಲ್ಲಿ ವೋಟು ಬಿದ್ದಿದೆ ಎಂಬ ತಕರಾರು ಹೈಕೋರ್ಟಿಗೆ ಹೋಯಿತು; 2019ರಲ್ಲಿ ಅರ್ಜಿಯನ್ನು ವಾಪಸು ಪಡೆಯಲಾಯಿತು. 2021ರಲ್ಲಿ ಅದೇ ಕ್ಷೇತ್ರದ ಅಂತರ 745. ಒಂದು ಬೂತಿನಲ್ಲಿ ನೂರು ಹೆಸರು ತಪ್ಪಿದರೆ ಶಾಸಕರೇ ಬೇರೆಯಾಗಬಹುದಾದ ಊರು ನಮ್ಮದು.

## ಹೆಸರು ಹೋಗುವ ದಾರಿಗಳು

ಊರಲ್ಲೇ ಇದ್ದೇನೆ, ಪ್ರತಿ ಸಲ ವೋಟು ಹಾಕಿದ್ದೇನೆ. ನನ್ನ ಹೆಸರು ಹೇಗೆ ಹೋಯಿತು?

ಸಾಮಾನ್ಯ ಕಾರಣಗಳು ಇವು. ಬಾಡಿಗೆ ಕ್ವಾರ್ಟರ್ಸಿನಲ್ಲಿದ್ದು ಅದೇ ಪೇಟೆಯ ಇನ್ನೊಂದು ಕ್ವಾರ್ಟರ್ಸಿಗೆ ಹೋದಿರಿ. ಬಿಎಲ್‌ಒ ಹಳೆಯ ಬಾಗಿಲು ತಟ್ಟಿದಾಗ ಹೊಸ ಬಾಡಿಗೆದಾರರು ‘ಗೊತ್ತಿಲ್ಲ’ ಎಂದರು, ‘ಸ್ಥಳಾಂತರ’ ಎಂದು ಬರೆದಾಯಿತು. ವಾರ್ಡುಗಳ ಗಡಿ ಬದಲಾಗಿ ಪಂಚಾಯತು ಮನೆ ನಂಬ್ರ ಬದಲಿಸಿತು, ಪಟ್ಟಿಯಲ್ಲಿ ಹಳೆಯ ನಂಬ್ರ ಉಳಿಯಿತು. ಒಂದೇ ತರವಾಡಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದು, ತೀರಿಹೋದವರ ಬದಲು ಬದುಕಿರುವವರ ಹೆಸರಿಗೆ ಗೆರೆ ಬಿತ್ತು. ಹಗಲಿಡೀ ಮಂಗಳೂರಿನಲ್ಲಿ ಕೆಲಸ, ಮನೆಗೆ ಬೀಗ; ಮೂರು ಸಲ ಬಂದರೂ ಯಾರೂ ಸಿಗಲಿಲ್ಲ. ನೆರೆಮನೆಯವರಿಗೆ ನಿಮ್ಮ ಫೋನ್ ನಂಬರು ಗೊತ್ತಿದ್ದರೆ, ಬಿಎಲ್‌ಒ ಬಳಿಯೂ ಅದು ಇದ್ದರೆ ಇದರಲ್ಲಿ ಅರ್ಧ ತಪ್ಪುತ್ತದೆ.

ಗೈರುಹಾಜರಿ, ಸ್ಥಳಾಂತರ, ಮರಣ ಈ ಮೂರು ಕಾರಣದ ಹೆಸರುಗಳಿಗೆ ಬೂತಿನಲ್ಲಿ ಪ್ರತ್ಯೇಕ ಪಟ್ಟಿ ಇರುತ್ತದೆ. ನಿಮ್ಮ ಹೆಸರು ಆ ಪಟ್ಟಿಯಲ್ಲಿದೆ, ಮುಖ್ಯ ಪಟ್ಟಿಯಿಂದ ಮಾತ್ರ ತೆಗೆದಿಲ್ಲ ಎಂದಾದರೆ ವೋಟು ಹೋಗಿಲ್ಲ. ಗುರುತಿನ ದಾಖಲೆ ತೋರಿಸಿ, ಸಹಿಯ ಜತೆ ಹೆಬ್ಬೆಟ್ಟು ಒತ್ತಿ ವೋಟು ಹಾಕಬಹುದು. ಬೂತಿನಲ್ಲಿ ಯಾರಾದರೂ ಹಿಂದೆ ಕಳಿಸಿದರೆ ನೇರವಾಗಿ ಪ್ರಿಸೈಡಿಂಗ್ ಆಫೀಸರ ಬಳಿ ಕೇಳಿ.

ಶಾಲೆಯ ಮಾರ್ಕ್ಸ್ ಕಾರ್ಡಲ್ಲಿ ಒಂದು ಹೆಸರು, ಲಿಸ್ಟಲ್ಲಿ ಇನ್ನೊಂದು. ತೊಂದರೆಯಾ?

ಆಗುತ್ತದೆ. ಗಡಿನಾಡಿನ ಹೆಸರು ಕನ್ನಡದಿಂದ ಮಲಯಾಳಕ್ಕೆ, ಮಲಯಾಳದಿಂದ ಇಂಗ್ಲಿಷಿಗೆ ಹೋಗುವಾಗ ಪ್ರತಿ ಮೆಟ್ಟಿಲಲ್ಲೂ ಸವೆಯುತ್ತದೆ. ಗೋಪಾಲ ‘ಗೋಪಾಲನ್’ ಆಗುತ್ತಾನೆ, ರಾಮ ‘ರಾಮನ್’ ಆಗುತ್ತಾನೆ. ಐತಪ್ಪನ ಮೊದಲ ಅಕ್ಷರ ಒಂದು ಕಡೆ ಎ, ಇನ್ನೊಂದು ಕಡೆ ಐ. ಕೆಲವು ದಾಖಲೆಯಲ್ಲಿ ಮನೆತನದ ಹೆಸರು ಹಿಂದೆ, ಕೆಲವದರಲ್ಲಿ ಮುಂದೆ ಇನಿಷಿಯಲ್ಲಾಗಿ. ಕರ್ನಾಟಕದಲ್ಲಿ ಓದಿದವರ ಮಾರ್ಕ್ಸ್ ಕಾರ್ಡೂ ಕೇರಳದ ರೇಶನ್ ಕಾರ್ಡೂ ಹೊಂದುವುದೇ ಅಪರೂಪ. ಕಂಪ್ಯೂಟರಿನ ಹೋಲಿಕೆ ಇದನ್ನು ಇಬ್ಬರು ಬೇರೆ ಮನುಷ್ಯರೆಂದು ತಿಳಿಯುತ್ತದೆ.

ಸರಿಪಡಿಸಲು ಫಾರ್ಮ್ 8. ಮುಖ್ಯ ದಾಖಲೆ ಯಾವುದೆಂದು ಮೊದಲು ನಿಶ್ಚಯಿಸಿ; ಪಾಸ್‌ಪೋರ್ಟ್ ಇದ್ದರೆ ಅದು, ಇಲ್ಲದಿದ್ದರೆ ಎಸ್‌ಎಸ್‌ಎಲ್‌ಸಿ ಪುಸ್ತಕ. ಉಳಿದ ಎಲ್ಲವನ್ನೂ ಅದರತ್ತ ತನ್ನಿ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸುವಾಗ ಸಲ್ಲಿಸುವ ಮೊದಲು ಪರದೆಯ ಮೇಲೆ ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಯ ಎರಡೂ ಅಂಕಣ ಓದಿ ನೋಡಿ. ಮಲಯಾಳ ಓದಲು ಬರದಿದ್ದರೆ ಗಟ್ಟಿಯಾಗಿ ಓದಿಸಿ. ತಪ್ಪು ಹುಟ್ಟುವುದು ಹೆಚ್ಚಾಗಿ ಆ ಎರಡನೇ ಅಂಕಣದಲ್ಲಿ.

ಮಂಜೇಶ್ವರದಲ್ಲೂ ಹೆಸರಿದೆ, ಮಂಗಳೂರಲ್ಲೂ ಇದೆ. ಎರಡೂ ಇಟ್ಟುಕೊಂಡರೆ ಏನಾಗುತ್ತದೆ?

ಎರಡೂ ಕಡೆ ಇಟ್ಟುಕೊಳ್ಳಬೇಡಿ. ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ಹೆಸರಿರಬಾರದೆಂದು 1950ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಒಂದು ಕಡೆ ಹೆಸರಿದ್ದೂ ಇಲ್ಲವೆಂದು ಸುಳ್ಳು ಘೋಷಣೆ ಕೊಟ್ಟರೆ 31ನೇ ಸೆಕ್ಷನ್ನಿನಡಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಬಹಳ ಮಂದಿ ಗೊತ್ತಿಲ್ಲದೆ ಸಿಕ್ಕಿಬೀಳುತ್ತಾರೆ: ತಲಪಾಡಿ ದಾಟಿ ಮನೆ ಮಾಡಿದಾಗ ಸ್ಥಳಾಂತರದ ಫಾರ್ಮ್ 8ರ ಬದಲು ಹೊಸಬರ ಫಾರ್ಮ್ 6 ಹಾಕುತ್ತಾರೆ. ಫಾರ್ಮ್ 8 ರಾಜ್ಯ ದಾಟಿ ಹೋದವರಿಗೂ ಆಗುತ್ತದೆ, ಹಳೆಯ ಹೆಸರು ತೆಗೆಯುವ ವ್ಯವಸ್ಥೆ ಅದರಲ್ಲೇ ಇದೆ. ಇನ್ನೊಂದು ಕೆಡುಕೂ ಇದೆ. ಜೋಡಿ ಹೆಸರು ಹಿಡಿದಾಗ ಯಾವ ಕಡೆಯದ್ದು ತೆಗೆಯುತ್ತಾರೆಂಬುದು ನಿಮ್ಮ ಕೈಲಿರುವುದಿಲ್ಲ. ನೀವು ನಿಜವಾಗಿ ಇರುವ ಕಡೆಯದ್ದೇ ಹೋಗಬಹುದು. ಬೇಡವಾದ ಕಡೆ ನೀವೇ ಫಾರ್ಮ್ 7 ಕೊಟ್ಟು ತೆಗೆಸಿಬಿಡಿ.

ಮಂಗಳೂರಿನ ಹಾಸ್ಟೆಲಿನಲ್ಲಿ ಓದುತ್ತಿರುವ ಮಕ್ಕಳ ಹೆಸರು ಊರಲ್ಲೇ ಇರಬಹುದು. ತಾತ್ಕಾಲಿಕವಾಗಿ ಮನೆ ಬಿಟ್ಟಿದ್ದರೆ ವಾಸ ತಪ್ಪಿತೆಂದು ಅರ್ಥವಲ್ಲವೆಂದು 20ನೇ ಸೆಕ್ಷನ್ನಿನಲ್ಲೇ ಇದೆ. ಹಾಗೆಯೇ, ಊರಲ್ಲಿ ಜಾಗ ಅಥವಾ ಮನೆ ಇದೆ ಎಂಬುದೊಂದೇ ವಾಸಕ್ಕೆ ಸಾಕ್ಷಿಯಲ್ಲ.

ಎಸ್‌ಐಆರ್ ಅಂದರೆ ಏನು? ಪುತ್ತೂರಿಂದ ಬದಿಯಡ್ಕಕ್ಕೆ ಮದುವೆಯಾಗಿ ಬಂದ ಸೊಸೆಗೆ 2002ರ ದಾಖಲೆ ಎಲ್ಲಿಂದ ತರುವುದು?

ಎಸ್‌ಐಆರ್ ಎಂದರೆ ವಿಶೇಷ ತೀವ್ರ ಪರಿಷ್ಕರಣೆ. ಕೇರಳದಲ್ಲಿ ಇದರ ಮನೆಮನೆ ಎಣಿಕೆ 2025ರ ನವೆಂಬರ್ 4ರಂದು ಶುರುವಾಯಿತು. ಹಿಂದಿನ ತೀವ್ರ ಪರಿಷ್ಕರಣೆಯಾದ 2002ರ ಪಟ್ಟಿಗೆ ಈಗಿನ ಪ್ರತಿ ಮತದಾರರನ್ನೂ ಹೊಂದಿಸಿ ನೋಡುವುದು ಇದರ ಕ್ರಮ. ಆ ಪಟ್ಟಿಯಲ್ಲಿ ಸ್ವಂತ ಹೆಸರಿದ್ದರೆ ಅದು, ಇಲ್ಲದಿದ್ದರೆ ಅಪ್ಪ ಅಮ್ಮ ಮುಂತಾದವರ ಹೆಸರು ತೋರಿಸಬೇಕು.

ಸೊಸೆಯಂದಿರ ವಿಷಯದಲ್ಲಿ ಆಗುವ ತಪ್ಪು ಒಂದೇ: ಗಂಡನ ಮನೆಯ ಊರಿನ ಹಳೆಯ ಪಟ್ಟಿ ಹುಡುಕುವುದು. ಅವರ ಹೆತ್ತವರ ಹೆಸರು ಇರುವುದು ಕರ್ನಾಟಕದ ಪಟ್ಟಿಯಲ್ಲಿ. ಬೇರೆ ರಾಜ್ಯದ ಹಿಂದಿನ ತೀವ್ರ ಪರಿಷ್ಕರಣೆಯ ಪಟ್ಟಿಯನ್ನೂ ಆಯೋಗ ಒಪ್ಪುತ್ತದೆ. ತವರಿನವರಿಗೆ ಫೋನು ಮಾಡಿ ಆಗ ಅವರು ವೋಟು ಹಾಕಿದ ಶಾಲೆ ಯಾವುದೆಂದು ಕೇಳಿ. ಕ್ಷೇತ್ರ, ಭಾಗ ಸಂಖ್ಯೆ, ಕ್ರಮಸಂಖ್ಯೆ ಈ ಮೂರು ಸಿಕ್ಕರೆ ಕೆಲಸವಾಯಿತು.

ಹೊಂದಿಕೆ ಸಿಗದಿದ್ದರೆ ನೋಟೀಸು ಬರುತ್ತದೆ, ಆಗ ದಾಖಲೆ ಬೇಕು. 1987ರ ಜುಲೈ 1ಕ್ಕೆ ಮೊದಲು ಹುಟ್ಟಿದವರು ತಮ್ಮದೊಂದು ದಾಖಲೆ ಕೊಡಬೇಕು. ಅಲ್ಲಿಂದ 2004ರ ಡಿಸೆಂಬರ್ 2ರೊಳಗೆ ಹುಟ್ಟಿದವರು ತಮ್ಮದರ ಜತೆ ಅಪ್ಪ ಅಥವಾ ಅಮ್ಮನದ್ದು, ಅನಂತರ ಹುಟ್ಟಿದವರು ಇಬ್ಬರದ್ದೂ. ಜನನ ಪತ್ರ, ಪಾಸ್‌ಪೋರ್ಟ್, ಎಸ್‌ಎಸ್‌ಎಲ್‌ಸಿ, ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕುಪತ್ರ, ಸರಕಾರ ಜಾಗ ಅಥವಾ ಮನೆ ಕೊಟ್ಟ ಪತ್ರ, 1987ರ ಜುಲೈಗೆ ಮೊದಲು ಬ್ಯಾಂಕು, ಪೋಸ್ಟಾಫೀಸು, ಎಲ್‌ಐಸಿ ಅಥವಾ ಪಂಚಾಯತು ಕೊಟ್ಟ ದಾಖಲೆ ಇವೆಲ್ಲ ನಡೆಯುತ್ತವೆ. ಸುಪ್ರೀಂ ಕೋರ್ಟಿನ 2025ರ ಸೆಪ್ಟೆಂಬರ್ ಆದೇಶದ ನಂತರ ಆಧಾರನ್ನೂ ಗುರುತಿಗಾಗಿ ತೆಗೆದುಕೊಳ್ಳಬೇಕು, ಆದರೆ ಅದು ಪೌರತ್ವಕ್ಕೆ ಪುರಾವೆಯಲ್ಲ. ಆಧಾರ್ ಒಂದನ್ನೇ ಹಿಡಿದು ವಿಚಾರಣೆಗೆ ಹೋಗಬೇಡಿ.

## ಹೆಸರು ವಾಪಸು ತರುವುದು

ಹೆಸರು ತೆಗೆದುಬಿಟ್ಟಿದ್ದಾರೆ. ಈಗ ಮೊದಲು ಏನು ಮಾಡಲಿ?

ಮೊದಲು, ನಿಜವಾಗಿ ಹೋಗಿದೆಯೇ ನೋಡಿ. ಹೆಸರಿನಲ್ಲಿ ಹುಡುಕಿ ಸಿಗದಿದ್ದರೆ ಕಾರ್ಡಿನ ಸಂಖ್ಯೆಯಲ್ಲಿ ಹುಡುಕಿ. ಅಕ್ಷರ ಬದಲಾಗಿದ್ದರೆ ಅಥವಾ ಪಕ್ಕದ ಬೂತಿಗೆ ಸರಿದಿದ್ದರೆ ಹೀಗೆ ಸಿಗುತ್ತದೆ.

ಹೋಗಿದ್ದರೆ ಎರಡು ಕೆಲಸ ಒಟ್ಟಿಗೇ ನಡೆಯಲಿ. ಒಂದು, ಫಾರ್ಮ್ 6 ಹಾಕಿ ಹೊಸದಾಗಿ ಸೇರಿಸಲು ಕೇಳುವುದು. ವಯಸ್ಸಿಗೊಂದು, ವಿಳಾಸಕ್ಕೊಂದು ದಾಖಲೆ ಸಾಕು: ಒಂದು ವರ್ಷದ ಕರೆಂಟು ಅಥವಾ ನೀರಿನ ಬಿಲ್ಲು, ಪಾಸ್‌ಬುಕ್, ನೋಂದಾಯಿತ ಬಾಡಿಗೆ ಕರಾರು, ಆಧಾರ್. ಸರಿಯಾದ ಕಾರಣವಿದ್ದು ಆಧಾರ್ ಕೊಡಲಾಗದಿದ್ದರೆ ಅರ್ಜಿ ತಿರಸ್ಕರಿಸುವಂತಿಲ್ಲ. ರಸೀತಿ ಸಂಖ್ಯೆ ಬರೆದಿಟ್ಟುಕೊಳ್ಳಿ.

ಎರಡು, ತೆಗೆದ ಆದೇಶದ ಪ್ರತಿಯನ್ನು ಲಿಖಿತವಾಗಿ ಕೇಳುವುದು. ಇದನ್ನು ಬಹುತೇಕರು ಬಿಡುತ್ತಾರೆ, ಬಿಡಬಾರದು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ವಾಸವಿಲ್ಲವೆಂದೋ ಅರ್ಹತೆ ಇಲ್ಲವೆಂದೋ ಹೆಸರು ತೆಗೆಯುವ ಮೊದಲು ಮತದಾರರ ನೋಂದಣಿ ಅಧಿಕಾರಿ ನಿಮ್ಮ ಮಾತು ಕೇಳಲೇಬೇಕು. ಬಿಎಲ್‌ಒ ವರದಿ ಕೊಡುತ್ತಾರೆ ಅಷ್ಟೆ, ಆದೇಶ ಅಧಿಕಾರಿಯದ್ದು. ಹಾಗಾಗಿ ಬಿಎಲ್‌ಒ ಜತೆ ಜಗಳ ಕಾದು ಫಲವಿಲ್ಲ, ಅವರೂ ಅಂಗನವಾಡಿ ಅಥವಾ ಶಾಲೆಯ ಕೆಲಸದ ಮೇಲೆ ಇದನ್ನು ಹೊತ್ತವರು.

ಆದೇಶ ಒಪ್ಪಿಗೆಯಾಗದಿದ್ದರೆ 24ನೇ ಸೆಕ್ಷನ್ನಿನಡಿ ಜಿಲ್ಲಾಧಿಕಾರಿಗೆ 15 ದಿನದೊಳಗೆ ಮೇಲ್ಮನವಿ. ನಮ್ಮಲ್ಲಿ ಅದು ವಿದ್ಯಾನಗರದ ಸಿವಿಲ್ ಸ್ಟೇಷನ್. ಸಹಿ ಮಾಡಿದ ಮನವಿ, ಜತೆಗೆ ಆದೇಶದ ಪ್ರತಿ. ಖುದ್ದು ಕೊಡಬಹುದು ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹೂಡಿ ಹಣ ಕಳೆಯಬೇಡಿ, 30ನೇ ಸೆಕ್ಷನ್ ಸಿವಿಲ್ ಕೋರ್ಟುಗಳನ್ನು ಈ ವಿಷಯದಿಂದ ಹೊರಗಿಟ್ಟಿದೆ. ಮೇಲ್ಮನವಿ ಮುಗಿದ ಮೇಲೆ ಉಳಿಯುವುದು ಹೈಕೋರ್ಟಿನ ರಿಟ್. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಯಾರೋ ನನ್ನ ಮೇಲೆ ಫಾರ್ಮ್ 7 ಹಾಕಿದ್ದಾರೆ, ನೋಟೀಸು ಬಂದಿದೆ. ಹೋಗಬೇಕಾ?

ಖಂಡಿತ ಹೋಗಬೇಕು. ಹೋಗದಿದ್ದರೆ ಒಂದೇ ಕಡೆಯ ಮಾತು ಕೇಳಿ ತೀರ್ಮಾನವಾಗುತ್ತದೆ. ಫಾರ್ಮ್ 7 ಎಂದರೆ ಹೆಸರು ತೆಗೆಯಿರಿ ಎಂಬ ಅರ್ಜಿ, ಅದನ್ನು ಹಾಕುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಅವರ ಹೆಸರು, ಕಾರಣ ಎರಡೂ ಅದರಲ್ಲಿರುತ್ತವೆ. ಅದರ ಪ್ರತಿ ಕೇಳಿ. ಆಕ್ಷೇಪ ಹಾಕಿದವರೇ ಆಧಾರ ತೋರಿಸಬೇಕು, ಸುಳ್ಳು ಘೋಷಣೆಗೆ ಶಿಕ್ಷೆಯಿದೆ. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಿಮ್ಮ ಪರವಾಗಿದೆ: ಮೊದಲೇ ಪಟ್ಟಿಯಲ್ಲಿದ್ದವರನ್ನು ಸೇರಿಸುವಾಗ ಕ್ರಮ ಪಾಲಿಸಿಯೇ ಸೇರಿಸಿದ್ದಾರೆಂದು ತಿಳಿಯಬೇಕು, ಸಂಶಯಕ್ಕೆ ಕಾರಣವನ್ನು ಅವರಿಗೆ ತಿಳಿಸಬೇಕು, ಅವರು ಕೊಡುವ ಸಾಕ್ಷ್ಯವನ್ನು ನೋಡಬೇಕು.

ವಿಚಾರಣೆಗೆ ಮೂಲ ದಾಖಲೆಗಳೂ ಎರಡು ಸೆಟ್ ನಕಲೂ ಇರಲಿ. ಹಾಜರಾದ ಬಗ್ಗೆ, ಕೊಟ್ಟ ಕಾಗದಗಳ ಬಗ್ಗೆ ಸ್ವೀಕೃತಿ ಪಡೆಯಿರಿ. ದಿನಕ್ಕೂಲಿಯವರಿಗೆ ಆ ದಿನದ ಕೂಲಿ ಹೋಗುತ್ತದೆ, ಇದು ಸಣ್ಣ ನಷ್ಟವಲ್ಲ. ಬರಲಾಗದ ಸ್ಥಿತಿಯಿದ್ದರೆ ಮುಂಚಿತವಾಗಿ ಬರೆದು ಬೇರೆ ದಿನ ಕೇಳಿ.

ಮಲಯಾಳ ಬರುವುದಿಲ್ಲ. ಕನ್ನಡದಲ್ಲಿ ಅರ್ಜಿ ಕೊಟ್ಟರೆ ತೆಗೆದುಕೊಳ್ಳುತ್ತಾರಾ?

ತೆಗೆದುಕೊಳ್ಳಬೇಕು. ಸಂವಿಧಾನದ 350ನೇ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಕೊಡುತ್ತದೆ. ಅದರ ಮೇಲೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು ಎಂದು ಹೇಳುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿತು. ನಮ್ಮ ಹಿರಿಯರು ಆ ದಿನ ಭಾಷೆಯನ್ನು ಬಿಟ್ಟುಕೊಟ್ಟಿಲ್ಲ. ಮಲಯಾಳದ ನೋಟೀಸು ಅರ್ಥವಾಗದೆ ಗಡುವು ಮೀರಿದರೆ ನಷ್ಟ ನಿಮ್ಮದು, ಆದ್ದರಿಂದ ನೋಟೀಸು ಬಂದ ದಿನವೇ ‘ಇದರ ಕನ್ನಡ ಪ್ರತಿ ಕೊಡಿ’ ಎಂದು ಎರಡು ಸಾಲು ಬರೆದು ಕೊಟ್ಟು, ಮುದ್ರೆ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಉತ್ತರ ಬರುವವರೆಗೆ ಕಾಯುತ್ತ ಕೂರಬೇಡಿ. ಮಲಯಾಳ ಬಲ್ಲವರಿಂದ ಓದಿಸಿ, ನಿಗದಿತ ದಿನ ಹಾಜರಾಗಿ.

ಕೊರಗ ಕಾಲನಿಯಲ್ಲಿ ಕೆಲವರಿಗೆ ಜನನ ಪತ್ರವೂ ಇಲ್ಲ, ಶಾಲೆಗೂ ಹೋಗಿಲ್ಲ. ಅವರ ಗತಿ?

ಜನನ ಪತ್ರವೇ ಬೇಕೆಂದಿಲ್ಲ. ಪರಿಶಿಷ್ಟ ಪಂಗಡದ ಪ್ರಮಾಣಪತ್ರ, ಸರಕಾರ ಜಾಗ ಕೊಟ್ಟ ಪತ್ರ, ಅರಣ್ಯ ಹಕ್ಕುಪತ್ರ ಇವುಗಳಲ್ಲಿ ಒಂದು ಹೆಚ್ಚಾಗಿ ಇರುತ್ತದೆ, ಇಲ್ಲದಿದ್ದರೆ ಮಾಡಿಸಬಹುದು. ಟ್ರೈಬಲ್ ಎಕ್ಸ್‌ಟೆನ್ಶನ್ ಕಚೇರಿಯ ಪ್ರಮೋಟರನ್ನು ಹಿಡಿದರೆ ಕಾಲನಿಗೇ ಬಿಎಲ್‌ಒ ಬರುವಂತೆ ಮಾಡಿಸಬಹುದು. ಒಬ್ಬೊಬ್ಬರಾಗಿ ಕಚೇರಿಗೆ ಅಲೆಯುವುದಕ್ಕಿಂತ ಇದೇ ಲೇಸು. ಬಹಳ ತಡವಾಗಿ ಜನನ ನೋಂದಾಯಿಸಬೇಕಾದರೆ, ಒಂದು ವರ್ಷ ಮೀರಿದ್ದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಚುನಾವಣೆ ಹತ್ತಿರ ಬಂದಾಗ ಆ ದಾರಿ ಹಿಡಿಯಬೇಡಿ.

ಮನೆಯೇ ಇಲ್ಲದವರಿಗೆ ವಿಳಾಸದ ದಾಖಲೆ ಬೇಡ. ಅರ್ಜಿಯಲ್ಲಿ ಬರೆದ ಜಾಗದಲ್ಲಿ ಅವರು ರಾತ್ರಿ ಮಲಗುತ್ತಾರೆಯೇ ಎಂದು ಬಿಎಲ್‌ಒ ರಾತ್ರಿ ಬಂದು ನೋಡಬೇಕೆಂದೇ ಆಯೋಗದ ಸೂಚನೆ.

ಚುನಾವಣೆ ಘೋಷಣೆಯಾದ ಮೇಲೆ ಸೇರಿಸಬಹುದಾ?

ನಾಮಪತ್ರದ ಕೊನೆಯ ದಿನದವರೆಗೆ ಮಾತ್ರ, ಅದೂ ಹೆಸರು ಸೇರಿ ಮುಗಿದಿರಬೇಕು. ಆಕ್ಷೇಪಕ್ಕೆ ಏಳು ದಿನ ಬಿಡಬೇಕಾದ್ದರಿಂದ ಆ ದಿನಕ್ಕಿಂತ ಕನಿಷ್ಠ ಹತ್ತು ದಿನ ಮುಂಚೆ ಅರ್ಜಿ ಒಳಗಿರಲಿ. ಆಮೇಲೆ ಯಾರ ಶಿಫಾರಸಿನಿಂದಲೂ ಆಗದು.

## ಮತದಾನದ ದಿನ

ಬೂತಿಗೆ ಹೋದರೆ ‘ನಿಮ್ಮ ವೋಟು ಆಗಿದೆ’ ಅಂದರು. ಏನು ಮಾಡುವುದು?

ವಾಪಸು ಬರಬೇಡಿ. ಪ್ರಿಸೈಡಿಂಗ್ ಆಫೀಸರ ಬಳಿ ‘ಟೆಂಡರ್ ವೋಟು’ ಕೇಳಿ. 1961ರ ಚುನಾವಣಾ ನಿಯಮಗಳ 49ಪಿ ಪ್ರಕಾರ ಗುರುತು ಖಚಿತವಾದರೆ ಕಾಗದದ ಮತಪತ್ರ ಕೊಡಲೇಬೇಕು. ಅದನ್ನು ಬೇರೆ ಲಕೋಟೆಯಲ್ಲಿಡುತ್ತಾರೆ. ಮಾಮೂಲಿ ಎಣಿಕೆಯಲ್ಲಿ ಅದು ಸೇರುವುದಿಲ್ಲ. ಆದರೂ ನಿಮ್ಮ ಹೆಸರಿನಲ್ಲಿ ಬೇರೆಯವರು ವೋಟು ಹಾಕಿದರೆಂಬುದಕ್ಕೆ ಅದೇ ಲಿಖಿತ ಸಾಕ್ಷಿ, ಕೋರ್ಟಿನಲ್ಲಿ ತಕರಾರು ಬಂದರೆ ಲೆಕ್ಕಕ್ಕೆ ಬರುತ್ತದೆ. 2019ರ ಲೋಕಸಭಾ ಚುನಾವಣೆಯಲ್ಲಿ ಕಾಸರಗೋಡು ಕ್ಷೇತ್ರದ ಕೆಲವು ಬೂತುಗಳಲ್ಲಿ ಕಳ್ಳವೋಟಿನ ಕಾರಣಕ್ಕೆ ಮೇ 19ರಂದು ಮರುಮತದಾನವೇ ಆಯಿತು. ದೂರು, ಸಾಕ್ಷಿ ಇದ್ದರೆ ಕ್ರಮ ಆಗುತ್ತದೆ.

ವಾಟ್ಸಾಪಿನಲ್ಲಿ ಎರಡು ಸುಳ್ಳು ಪ್ರತಿ ಚುನಾವಣೆಗೂ ಸುತ್ತುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲದವರು ಆಧಾರ್ ತೋರಿಸಿ ‘ಚಾಲೆಂಜ್ ವೋಟು’ ಹಾಕಬಹುದು ಎಂಬುದು ಒಂದು. ಚಾಲೆಂಜ್ ಎಂದರೆ ಅಭ್ಯರ್ಥಿಗಳ ಏಜೆಂಟರು 2 ರೂಪಾಯಿ ಠೇವಣಿಯಿಟ್ಟು ಮತದಾರರ ಗುರುತನ್ನು ಪ್ರಶ್ನಿಸುವುದು, ಹೆಸರಿಲ್ಲದವರಿಗೆ ಅದರಿಂದ ವೋಟು ಸಿಗದು. ಟೆಂಡರ್ ವೋಟು 14 ಶೇಕಡಾ ದಾಟಿದರೆ ತಾನಾಗಿ ಮರುಮತದಾನ ಎಂಬುದು ಇನ್ನೊಂದು. ಅಂಥ ನಿಯಮ ಇಲ್ಲ.

ಎಂಡೋಸಲ್ಫಾನ್ ಪೀಡಿತ ಮಗನಿಗೆ ಬುದ್ಧಿ ಬೆಳೆದಿಲ್ಲ. ಅವನಿಗೆ ವೋಟಿಲ್ಲ ಅಂತ ಹೆಸರೇ ಸೇರಿಸಿಲ್ಲ. ಸರಿಯಾ?

ಸೇರಿಸಬಹುದು. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಅನೇಕ ಮನೆಗಳಲ್ಲಿ ಇದೇ ತಪ್ಪು ತಿಳಿವಳಿಕೆ ಇದೆ, ಇದು ನಮ್ಮನ್ನು ಬಹಳ ನೋಯಿಸುತ್ತದೆ. ವೈದ್ಯರ ಸರ್ಟಿಫಿಕೇಟು, ಅಂಗವಿಕಲತೆಯ ಶೇಕಡಾವಾರು ಯಾವುದೂ ವೋಟು ಕಸಿಯುವುದಿಲ್ಲ. ನ್ಯಾಯಾಲಯವೇ ಘೋಷಿಸಿದ್ದರೆ ಮಾತ್ರ ಅನರ್ಹತೆ. ಫಾರ್ಮ್ 6 ಹಾಕಿ, ಅಂಗವಿಕಲತೆಯ ಅಂಕಣ ತುಂಬಿ.

ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇರುವವರಿಗೂ 85 ದಾಟಿದವರಿಗೂ ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಮನೆಯಲ್ಲೇ ವೋಟಿನ ಸೌಲಭ್ಯವಿದೆ. ಅಧಿಸೂಚನೆಯಾದ ಐದು ದಿನದೊಳಗೆ ಫಾರ್ಮ್ 12ಡಿ ಕೊಡಬೇಕು. ಅದನ್ನು ಆರಿಸಿದರೆ ಮತ್ತೆ ಬೂತಿನಲ್ಲಿ ಹಾಕಲಾಗದು. ಬೂತಿಗೇ ಹೋಗುವುದಾದರೆ, ಕಣ್ಣು ಕಾಣದವರು ಅಥವಾ ಗುಂಡಿ ಒತ್ತಲಾಗದವರು 18 ತುಂಬಿದ ಒಬ್ಬರನ್ನು ಒಳಗೆ ಕರೆದೊಯ್ಯಬಹುದು. ಆ ಸಹಾಯಕರು ಆ ದಿನ ಇನ್ನೊಬ್ಬರಿಗೆ ಸಹಾಯಕರಾಗುವಂತಿಲ್ಲ. ಹಾಗಾಗಿ ಇಬ್ಬರು ಪೀಡಿತರಿರುವ ಮನೆಯಲ್ಲಿ ಇಬ್ಬರು ಜತೆಗಾರರು ಬೇಕು.

ಅಣ್ಣ ರಿಮಾಂಡಿನಲ್ಲಿದ್ದಾನೆ, ತಪ್ಪು ಸಾಬೀತಾಗಿಲ್ಲ. ವೋಟು ಹಾಕಬಹುದಾ?

ಇಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5) ಪ್ರಕಾರ ಜೈಲಿನಲ್ಲಿ ಅಥವಾ ಪೊಲೀಸ್ ಕಸ್ಟಡಿಯಲ್ಲಿ ಇರುವವರು, ಶಿಕ್ಷೆಯಾಗಿರಲಿ ಬಿಡಲಿ, ವೋಟು ಹಾಕುವಂತಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಮುಂಜಾಗ್ರತಾ ಬಂಧನದಲ್ಲಿರುವವರು ಮಾತ್ರ ಅಂಚೆಯಲ್ಲಿ ಹಾಕಬಹುದು. ಜಾಮೀನು ಸಿಕ್ಕಿ ಹೊರಬಂದರೆ ಧಾರಾಳವಾಗಿ ಹಾಕಬಹುದು. ವಿಚಿತ್ರವೆಂದರೆ ಜೈಲಿನಲ್ಲಿದ್ದರೂ ಹೆಸರು ಪಟ್ಟಿಯಲ್ಲೇ ಇರುತ್ತದೆ, ತಪ್ಪು ಸಾಬೀತಾಗದಿದ್ದರೆ ಚುನಾವಣೆಗೆ ನಿಲ್ಲಲೂಬಹುದು. ತೀರ್ಪಾಗದ ಬಡವರು ಜಾಮೀನಿಗೆ ಜನ ಸಿಗದೆ ವೋಟು ಕಳೆದುಕೊಳ್ಳುವುದು ನ್ಯಾಯವೆಂದು ನಮಗೆ ಅನಿಸುವುದಿಲ್ಲ.

ಮಂಗಳೂರಿನಲ್ಲಿ ಕೆಲಸ. ಇಲ್ಲಿ ವೋಟಿನ ದಿನ ಅಲ್ಲಿ ರಜೆ ಇಲ್ಲವಂತೆ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್ನಿನಡಿ ಮತದಾರರಾದ ನೌಕರರಿಗೆ ಅವರ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ. ಪಟ್ಟಿಯಲ್ಲಿ ಹೆಸರಿರುವ ಪುಟದ ನಕಲು ಲಗತ್ತಿಸಿ ಒಂದು ವಾರ ಮುಂಚೆ ರಜೆ ಕೇಳಿ.

## ಕಡಲಾಚೆ ಇರುವವರು, ಪೌರತ್ವದ ತೊಡಕುಗಳು

ದುಬಾಯಿಯಲ್ಲಿದ್ದೇನೆ. ಹೆಸರು ಉಳಿಸಿಕೊಳ್ಳುವುದು ಹೇಗೆ?

ಭಾರತದ ಪಾಸ್‌ಪೋರ್ಟ್ ಇದ್ದು ಬೇರೆ ದೇಶದ ಪೌರತ್ವ ತೆಗೆದುಕೊಳ್ಳದಿದ್ದರೆ ಫಾರ್ಮ್ 6ಎ ಹಾಕಿ ಪ್ರವಾಸಿ (ಅನಿವಾಸಿ ಭಾರತೀಯ) ಮತದಾರರಾಗಬಹುದು. ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರುತ್ತದೆ. ವೋಟು ಮಾತ್ರ ಖುದ್ದು ಬೂತಿಗೆ ಬಂದು, ಮೂಲ ಪಾಸ್‌ಪೋರ್ಟ್ ತೋರಿಸಿ ಹಾಕಬೇಕು. ಅಂಚೆಯಲ್ಲೂ ಇಲ್ಲ, ಬೇರೆಯವರ ಮೂಲಕವೂ ಇಲ್ಲ. ಸಾಮಾನ್ಯ ಮತದಾರರಾಗಿಯೇ ಉಳಿದರೆ ‘ಊರಲ್ಲಿಲ್ಲ’ ಎಂಬ ವರದಿಯಲ್ಲಿ ಹೆಸರು ಹೋಗುತ್ತದೆ, ಅದು ಹೋಗುವ ಮೊದಲು ಬೇರೆ ಯಾರಾದರೂ ಅದನ್ನು ಕಳ್ಳವೋಟಿಗೆ ಬಳಸಲೂಬಹುದು. ಊರಿಗೆ ಕಾಯಂ ಆಗಿ ಮರಳಿದಾಗ ಮತ್ತೆ ಸಾಮಾನ್ಯ ಮತದಾರರಾಗಿ ಹೆಸರು ಸೇರಿಸಿಕೊಳ್ಳಬೇಕು.

ಮಗಳು ಶಾರ್ಜಾದಲ್ಲಿ ಹುಟ್ಟಿದಳು. ಅಲ್ಲಿಯ ಜನನ ಪತ್ರ ಇದೆ. ಅವಳು ಭಾರತೀಯಳೇ ತಾನೆ?

ಅಪ್ಪ ಅಮ್ಮ ಭಾರತೀಯರೆಂಬುದು ಒಂದೇ ಸಾಕಾಗದು. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಅಲ್ಲಿಯ ಭಾರತೀಯ ದೂತಾವಾಸದಲ್ಲಿ ಒಂದು ವರ್ಷದೊಳಗೆ ನೋಂದಾಯಿಸಬೇಕು. ಮೀರಿದರೆ ಕೇಂದ್ರ ಸರಕಾರದ ಅನುಮತಿ ಬೇಕು. ಕೊಲ್ಲಿ ದೇಶಗಳು ಅಲ್ಲಿ ಹುಟ್ಟಿದ ಕಾರಣಕ್ಕೆ ಪೌರತ್ವ ಕೊಡುವುದಿಲ್ಲ. ಆದ್ದರಿಂದ ಇದನ್ನು ಬಿಟ್ಟರೆ ಮಗುವಿಗೆ ಯಾವ ದೇಶವೂ ಇಲ್ಲದಂತಾಗುವ ಅಪಾಯವಿದೆ. ದೂತಾವಾಸದ ನೋಂದಣಿ ಪತ್ರ ಜೋಪಾನ, 18 ತುಂಬಿ ಫಾರ್ಮ್ 6 ಹಾಕುವಾಗ ಅದೇ ಆಧಾರ. ಅಮೆರಿಕದಲ್ಲಿ ಹುಟ್ಟಿ ಎರಡೂ ದೇಶದ ಪೌರತ್ವವಿರುವ ಮಕ್ಕಳು ಪ್ರಾಪ್ತರಾದ ಆರು ತಿಂಗಳಲ್ಲಿ ಆ ಪೌರತ್ವ ಬಿಡದಿದ್ದರೆ ಭಾರತದ್ದು ಹೋಗುತ್ತದೆ.

ಕೆನಡಾ ಪೌರತ್ವ ಸಿಕ್ಕಿತು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡೂ ಇದೆ. ಊರಲ್ಲಿ ವೋಟು ಹಾಕಬಹುದಲ್ಲ?

ಹಾಕಬಾರದು. ಇಷ್ಟಪಟ್ಟು ಬೇರೆ ಪೌರತ್ವ ಪಡೆದ ಕ್ಷಣಕ್ಕೆ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಭಾರತದ ಪೌರತ್ವ ಮುಗಿಯಿತು. ಒಸಿಐ ಕಾರ್ಡಿನಲ್ಲಿ ವೋಟಿಲ್ಲ. ಹೆಸರು ಉಳಿದಿದ್ದರೆ ನೀವೇ ಫಾರ್ಮ್ 7 ಕೊಡಿ.

ಅಜ್ಜ ಕರಾಚಿಯಲ್ಲಿ ಹೋಟೆಲ್ ಕೆಲಸಕ್ಕಿದ್ದು ಪಾಕ್ ಪಾಸ್‌ಪೋರ್ಟಿನಲ್ಲಿ ಬಂದವರು. ನಮಗೇನಾದರೂ ಆಗುತ್ತದಾ?

ವಿಭಜನೆಯ ಮೊದಲೂ ನಂತರವೂ ಮಲಬಾರಿನ ಕರಾವಳಿಯಿಂದ ಕರಾಚಿಗೆ ಹೊಟ್ಟೆಪಾಡಿಗೆ ಹೋದವರಿದ್ದರು. 1952ರಲ್ಲಿ ಎರಡು ದೇಶಗಳ ನಡುವೆ ಪಾಸ್‌ಪೋರ್ಟ್ ಕಡ್ಡಾಯವಾದಾಗ ಊರಿಗೆ ಮರಳಲು ಸಿಕ್ಕ ಪಾಸ್‌ಪೋರ್ಟ್ ಅಲ್ಲಿಯದೇ. ಪೌರತ್ವ ನಿಯಮಗಳ ಪ್ರಕಾರ ಆ ಪಾಸ್‌ಪೋರ್ಟ್ ಪಡೆದದ್ದೇ ಸ್ವಇಚ್ಛೆಯಿಂದ ಅಲ್ಲಿಯ ಪೌರತ್ವ ಪಡೆದದ್ದಕ್ಕೆ ಅಂತಿಮ ಪುರಾವೆ. 1962ರಲ್ಲಿ ಸುಪ್ರೀಂ ಕೋರ್ಟೂ ಈ ನಿಯಮವನ್ನು ಒಪ್ಪಿತು. ಹುಟ್ಟಿದ ಮನೆಯಲ್ಲೇ ವಿದೇಶಿಗಳಾಗಿ ಬದುಕು ಸವೆಸಿದವರು ಮಲಬಾರಿನಲ್ಲಿದ್ದಾರೆ.

ಮಕ್ಕಳು ಮೊಮ್ಮಕ್ಕಳ ಲೆಕ್ಕ ಬೇರೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು, ಹೆತ್ತವರು ಯಾರೇ ಇರಲಿ, ಸಾಮಾನ್ಯವಾಗಿ ಹುಟ್ಟಿನಿಂದಲೇ ಪ್ರಜೆಗಳು. ಅನಂತರ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು, ಅಥವಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹಾಗಾಗಿ ಮನೆಯಲ್ಲಿ ಮೊದಲು ತೆಗೆದಿಡಬೇಕಾದ್ದು ನಿಮ್ಮ ಅಪ್ಪ ಅಮ್ಮನ ಜನನ ಅಥವಾ ಶಾಲಾ ದಾಖಲೆ. ಅಜ್ಜನಂಥವರು ಇನ್ನೂ ಇದ್ದರೆ ದೀರ್ಘಾವಧಿ ವೀಸಾ ನವೀಕರಣ ತಪ್ಪಿಸದೆ, ಪೌರತ್ವ ಕಾಯ್ದೆಯ 5ನೇ ಸೆಕ್ಷನ್ನಿನಡಿ ನೋಂದಣಿಯ ಮೂಲಕ ಪೌರತ್ವಕ್ಕೆ ಅರ್ಜಿ ಹಾಕಬಹುದು. ಭಾರತೀಯ ಮೂಲದವರಿಗೂ ಭಾರತೀಯರನ್ನು ಮದುವೆಯಾದವರಿಗೂ ಏಳು ವರ್ಷದ ವಾಸ ಬೇಕು.

ಸರಕಾರ ಮನಸ್ಸು ಮಾಡಿದರೆ ಯಾರ ಪೌರತ್ವವನ್ನಾದರೂ ರದ್ದು ಮಾಡಬಹುದಾ?

ಹುಟ್ಟಿನಿಂದ ಬಂದ ಪೌರತ್ವವನ್ನು ಪೌರತ್ವ ಕಾಯ್ದೆಯ 10ನೇ ಸೆಕ್ಷನ್ ಮುಟ್ಟುವುದಿಲ್ಲ. ಅದು ನೋಂದಣಿಯಿಂದ ಅಥವಾ ದೇಶೀಕರಣದಿಂದ ಪಡೆದವರಿಗೆ: ಮೋಸದಿಂದ ಪಡೆದದ್ದು, ಸಂವಿಧಾನಕ್ಕೆ ನಿಷ್ಠೆ ತಪ್ಪಿದ್ದು, ಯುದ್ಧಕಾಲದಲ್ಲಿ ಶತ್ರುವಿಗೆ ನೆರವಾದದ್ದು ಇಂಥ ಕಾರಣಗಳಿಗೆ. ಆಗಲೂ ಮೊದಲು ಕಾರಣ ಸಹಿತ ಲಿಖಿತ ನೋಟೀಸು ಬೇಕು, ಹೆಚ್ಚಿನ ಕಾರಣಗಳಲ್ಲಿ ವಿಷಯವನ್ನು ವಿಚಾರಣಾ ಸಮಿತಿಯ ಮುಂದೆ ಇಡಿ ಎಂದು ಕೇಳುವ ಹಕ್ಕೂ ಇದೆ. ಬೇರೆ ದೇಶದ ಪೌರತ್ವ ಪಡೆದಿದ್ದೀರೋ ಇಲ್ಲವೋ ಎಂಬ ತಕರಾರನ್ನು ತೀರ್ಮಾನಿಸುವುದು ಕೇಂದ್ರ ಸರಕಾರ. ಬಿಎಲ್‌ಒ, ವಿಲ್ಲೇಜ್ ಆಫೀಸರ್, ಪಂಚಾಯತು ಕಾರ್ಯದರ್ಶಿ ಇವರ ಮಾತಿನಿಂದ ಯಾರೂ ವಿದೇಶಿಯಾಗುವುದಿಲ್ಲ. ಅಂಥ ಮಾತು ಯಾರಾದರೂ ಆಡಿದರೆ ಅದನ್ನು ಬರೆದು, ಸಹಿ ಹಾಕಿ, ಕನ್ನಡದಲ್ಲಿ ಕೊಡಿ ಎಂದು ಕೇಳಿ.